ಸರ್ಕಾರಿ ಕಚೇರಿಯ ಫೋಟೋ, ವಿಡಿಯೋಗಳಿಗೆ ಮೆಟಾಡೇಟಾ: ತಾಲ್ಲೂಕು ಪಂಚಾಯಿತಿ ಕಚೇರಿಗೊಂದು ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಪಂಚಾಯಿತಿ ಕಚೇರಿಯ ಕಂಪ್ಯೂಟರ್ ತೆರೆದು ನೋಡಿ. ಡಿ ಡ್ರೈವ್‌ನಲ್ಲಿ ‘ಫೋಟೋಸ್’, ಅದರೊಳಗೆ ‘ನ್ಯೂ ಫೋಲ್ಡರ್ 3’, ಅದರೊಳಗೆ ‘ಸಾಹೇಬರ ಕಾರ್ಯಕ್ರಮ ಫೈನಲ್’, ಪಕ್ಕದಲ್ಲೇ ‘ಫೈನಲ್ ಹೊಸದು’. 2019ರ ಆಗಸ್ಟ್ ನೆರೆಯಲ್ಲಿ ಬಿದ್ದ ಮನೆಗಳ ಚಿತ್ರ ಕೊಡಿ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಬಂದರೆ ಉತ್ತರಿಸಲು 30 ದಿನ ಇರುತ್ತದೆ. ಚಿತ್ರಗಳು ಎಲ್ಲೋ ಇರುತ್ತವೆ. ಯಾವುದು ಯಾವ ಊರಿನ ಮನೆ ಎಂದು ಹೇಳಬಲ್ಲ ನೌಕರರಿಗೆ ಅಷ್ಟರಲ್ಲಿ ಬೇರೆ ತಾಲ್ಲೂಕಿಗೆ ವರ್ಗವಾಗಿರುತ್ತದೆ.

ಯಾವಾಗ, ಎಲ್ಲಿ, ಯಾರು ಎಂಬಂಥ ಮಾಹಿತಿಯನ್ನು ಚಿತ್ರದ ಕಡತದೊಳಗೇ ಬರೆದಿಟ್ಟರೆ ಅದೇ ಮೆಟಾಡೇಟಾ. ಅದನ್ನು ಬರೆದಿಡುವ ಕೆಲಸದಲ್ಲಿ ತಂತ್ರಾಂಶ ಕಷ್ಟದ ಭಾಗವಲ್ಲ. ಚಿತ್ರ ತೆಗೆದ ದಿನಾಂಕ, ಕ್ಯಾಮೆರಾ, ಅಳತೆ, ಕೆಲವೊಮ್ಮೆ ಅಕ್ಷಾಂಶ–ರೇಖಾಂಶ ಎಲ್ಲವನ್ನೂ ಯಂತ್ರವೇ ಬರೆದಿಡುತ್ತದೆ, ಹತ್ತು ವರ್ಷದ ಮೇಲೂ ಓದಬಹುದು. ಚಿತ್ರದಲ್ಲಿರುವವರು ಯಾರು, ಏನು ನಡೆಯುತ್ತಿದೆ, ಯಾವ ಊರು ಎಂಬುದು ಮಾತ್ರ ಮನುಷ್ಯರ ತಲೆಯಲ್ಲಿರುತ್ತದೆ, ಕೆಲವೇ ವಾರಗಳಲ್ಲಿ ಮಾಸಿಹೋಗುತ್ತದೆ. ಹಾಗಾಗಿ ಮುಂದಿನ ಎಲ್ಲ ಹಂತಗಳಿಗೂ ಒಂದೇ ಅಳತೆಗೋಲು: ಆ ಮಾಹಿತಿ ಘಟನೆ ನಡೆದ ಒಂದು ವಾರದೊಳಗೆ ಕಡತದೊಳಕ್ಕೆ ಸೇರಬೇಕು. ಉಳಿದದ್ದು ತಡವಾದರೂ ನಡೆಯುತ್ತದೆ.

ಮೆಟಾಡೇಟಾ ಕೂರುವ ಮೂರು ಜಾಗ

ಒಂದು ಜೆಪೆಗ್ ಕಡತದೊಳಗೆ ಸಾಮಾನ್ಯವಾಗಿ ಮೂರು ಬಗೆಯ ಮಾಹಿತಿ ಇರುತ್ತದೆ. ಎಕ್ಸಿಫ್ ಎಂಬುದು ಕ್ಯಾಮೆರಾ ತಾನೇ ಬರೆಯುವ ಭಾಗ. ಐಪಿಟಿಸಿ ಎಂಬುದು ಪತ್ರಿಕಾ ಸಂಸ್ಥೆಗಳು 1990ರ ದಶಕದ ಆರಂಭದಲ್ಲಿ ರೂಪಿಸಿಕೊಂಡ ಶೀರ್ಷಿಕೆ, ವಿವರಣೆ, ಕೀವರ್ಡ್‌ಗಳ ಚೌಕಟ್ಟು. ಎಕ್ಸ್‌ಎಂಪಿ ಎಂಬುದು 2001ರಲ್ಲಿ ಅಡೋಬಿ ಹೊರತಂದ ಹೊಸ ಪೆಟ್ಟಿಗೆ. ಐಪಿಟಿಸಿಯ ಅದೇ ಫೀಲ್ಡ್‌ಗಳನ್ನು (ಶೀರ್ಷಿಕೆ, ವಿವರಣೆಯಂಥ ಖಾನೆಗಳನ್ನು) ಈಗ ಇದರಲ್ಲೂ ಬರೆಯಬಹುದು.

ಕನ್ನಡದಲ್ಲಿ ಬರೆಯುವವರಿಗೆ ಈ ವ್ಯತ್ಯಾಸ ತಿಳಿದಿರಲೇಬೇಕು. ಹಳೆಯ ಐಪಿಟಿಸಿ ಪೆಟ್ಟಿಗೆಯಲ್ಲಿ ಪ್ರತಿ ಫೀಲ್ಡಿಗೂ ಬೈಟ್ ಲೆಕ್ಕದ ಮಿತಿ ಇದೆ: ಊರಿನ ಹೆಸರಿಗೆ 32, ಒಂದು ಕೀವರ್ಡಿಗೆ 64, ಹೆಡ್‌ಲೈನಿಗೆ 256, ವಿವರಣೆಗೆ 2000. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಪ್ರತಿ ಹಲಂತ ಮೂರು ಮೂರು ಬೈಟ್ ತಿನ್ನುತ್ತದೆ. ‘ಬೆಂಗಳೂರು’ 24 ಬೈಟ್, ಸಲೀಸಾಗಿ ಹಿಡಿಯುತ್ತದೆ. ‘ಚಿಕ್ಕಮಗಳೂರು’ 33 ಬೈಟ್. ಒಂದೇ ಒಂದು ಬೈಟ್ ಹೆಚ್ಚಾಗಿ ಕೊನೆಯ ಕೊಂಬು ಮುರಿದು ‘ಚಿಕ್ಕಮಗಳೂರ’ ಎಂದಾಗುತ್ತದೆ, ಅದರ ಹಿಂದೆ ಒಂದು ಪ್ರಶ್ನಾರ್ಥಕ ಚೌಕ. ‘ಹೊಳೆನರಸೀಪುರ’ದ ಗತಿಯೂ ಅದೇ. ಎಕ್ಸ್‌ಎಂಪಿಯಲ್ಲಿ ಈ ಮಿತಿಯಿಲ್ಲ, ಅದು ಮೊದಲಿನಿಂದಲೂ ಯೂನಿಕೋಡ್. ಆದ್ದರಿಂದ ತಂತ್ರಾಂಶದಲ್ಲಿ ಆಯ್ಕೆ ಇದ್ದರೆ ಎಕ್ಸ್‌ಎಂಪಿಗೆ ಬರೆಯಿರಿ. ಹಳೆಯ ಪೆಟ್ಟಿಗೆಗೂ ಬರೆಯಲೇಬೇಕಾದರೆ ಅಕ್ಷರಸಂಕೇತ ಯುಟಿಎಫ್-8 ಎಂದು ಅದರಲ್ಲೇ ಘೋಷಿಸಿರಬೇಕು. ಇಲ್ಲದಿದ್ದರೆ ಬೇರೆ ಕಂಪ್ಯೂಟರ್‌ನಲ್ಲಿ ಇಡೀ ಸಾಲು ಗೀಚಿದಂತೆ ಕಾಣುತ್ತದೆ.

ಟೈಪ್ ಮಾಡುವಾಗ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್ ಬೇಡವೇ ಬೇಡ. ವರ್ಡ್‌ನಲ್ಲಿ ಆ ಫಾಂಟ್ ಇರುವವರೆಗೆ ಕನ್ನಡವಾಗಿ ಕಾಣುವುದು ಮೆಟಾಡೇಟಾ ಫೀಲ್ಡಿಗೆ ಅಂಟಿಸಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ, ಏಕೆಂದರೆ ಅಲ್ಲಿ ಫಾಂಟ್ ಬದಲಿಸುವ ಸೌಲಭ್ಯವೇ ಇಲ್ಲ. ಕೀಲಿಮಣೆ ಯೂನಿಕೋಡ್ ಆಯ್ಕೆಯಲ್ಲಿದೆಯೇ ಎಂದು ದಿನದ ಮೊದಲ ಪದದಲ್ಲೇ ಪರೀಕ್ಷಿಸಿಕೊಳ್ಳಿ.

ಮೊದಲ ಹಂತ: ಘಟನೆಗಳ ರಿಜಿಸ್ಟರ್

ತಂತ್ರಾಂಶ ಇಳಿಸಿಕೊಳ್ಳುವ ಮುಂಚೆ ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಇದು ಕಚೇರಿಗೆ ಹೊಸದೇನಲ್ಲ, ಇನ್‌ವರ್ಡ್ ರಿಜಿಸ್ಟರ್‌ನ ತಮ್ಮನಷ್ಟೆ. ಪ್ರತಿ ಕಾರ್ಯಕ್ರಮಕ್ಕೆ, ಸ್ಥಳ ಪರಿಶೀಲನೆಗೆ, ಕಾಮಗಾರಿ ಭೇಟಿಗೆ ಒಂದು ಸಾಲು, ಒಂದು ಕ್ರಮಸಂಖ್ಯೆ. ಜನವರಿ 1ಕ್ಕೆ 0001ರಿಂದ ಶುರು.

ಕಾಲಂಗಳು ಹೆಚ್ಚು ಬೇಡ: ಘಟನೆ ಸಂಖ್ಯೆ, ದಿನಾಂಕ, ಘಟನೆಯ ಹೆಸರು, ಗ್ರಾಮ ಮತ್ತು ಗ್ರಾಮ ಪಂಚಾಯಿತಿ, ಸಂಬಂಧಿಸಿದ ಇ-ಆಫೀಸ್ ಕಡತ ಸಂಖ್ಯೆ, ಚಿತ್ರ ತೆಗೆದವರು, ಜನರನ್ನು ಗುರುತಿಸಿದವರು, ಬಂದ ಕಡತಗಳ ಸಂಖ್ಯೆ, ಉಳಿಸಿದ ಕಡತಗಳ ಸಂಖ್ಯೆ, ಷರಾ. ‘ಜನರನ್ನು ಗುರುತಿಸಿದವರು’ ಎಂಬ ಕಾಲಂ ಅನವಶ್ಯಕ ಎನಿಸಬಹುದು. ಹೆಸರು ತಪ್ಪಿದೆ ಎಂದು ಮುಂದೊಂದು ದಿನ ಯಾರಾದರೂ ಬಂದಾಗ ಮೊದಲು ನೋಡುವುದು ಅದನ್ನೇ.

ಒಂದೇ ಹೆಸರಿನ ಊರುಗಳ ತೊಂದರೆ ಕರ್ನಾಟಕದಲ್ಲಿ ಎಲ್ಲ ಕಡೆ ಇದೆ. ಹೊಸಹಳ್ಳಿ ಇಲ್ಲದ ಜಿಲ್ಲೆ ಹುಡುಕುವುದೇ ಕಷ್ಟ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಪ್ರತಿ ಗ್ರಾಮ ಪಂಚಾಯಿತಿಗೂ ಪ್ರತ್ಯೇಕ ಸಂಕೇತಸಂಖ್ಯೆ ಇದೆ. ನಿಮ್ಮ ತಾಲ್ಲೂಕಿನ ಪಟ್ಟಿಯನ್ನು ಅಲ್ಲಿಂದ ಇಳಿಸಿಕೊಂಡು ರಿಜಿಸ್ಟರ್‌ನ ಇನ್ನೊಂದು ಹಾಳೆಯಲ್ಲಿಡಿ; ಊರಿನ ಹೆಸರನ್ನು ಕೈಯಿಂದ ಬರೆಯದೆ ಆ ಪಟ್ಟಿಯಿಂದಲೇ ಆರಿಸುವಂತೆ ಮಾಡಿ.

ಎರಡನೆಯ ಹಂತ: ಫೋಲ್ಡರ್ ಮತ್ತು ಕಡತದ ಹೆಸರು

ಫೋಲ್ಡರ್‌ಗಳು ವರ್ಷ, ಅದರೊಳಗೆ ದಿನಾಂಕ ಮತ್ತು ಘಟನೆ ಸಂಖ್ಯೆ, ಇಷ್ಟೇ. ಅಧಿಕಾರಿಯ ಹೆಸರಿನಲ್ಲಿ ಫೋಲ್ಡರ್ ಮಾಡಿದರೆ ವರ್ಗಾವಣೆಯ ದಿನ ಅದು ಅನಾಥ. ಶಾಖೆಯ ಹೆಸರಿನಲ್ಲಿ ಮಾಡಿದರೆ, ಒಂದೇ ಭೇಟಿಯಲ್ಲಿ ಶಾಲಾ ಕಾಂಪೌಂಡ್, ಅಂಗನವಾಡಿ, ಕುಡಿಯುವ ನೀರಿನ ಘಟಕ ಮೂರನ್ನೂ ನೋಡಿದಾಗ ಯಾವ ಶಾಖೆಗೆ ಹಾಕುವುದು? ಆ ವಿಂಗಡಣೆಯನ್ನು ಕೀವರ್ಡ್‌ಗಳಿಗೆ ಬಿಡಿ.

ಕಡತದ ಹೆಸರು ಬರೀ ಅಂಕಿಗಳಲ್ಲಿರಲಿ. 2025ರ ಆಗಸ್ಟ್ 15ರ ಧ್ವಜಾರೋಹಣ ಆ ವರ್ಷದ 231ನೇ ಘಟನೆಯಾದರೆ ಅದರ ಏಳನೇ ಚಿತ್ರ ಹೀಗೆ:

20250815_0231_007

ವರ್ಷ–ತಿಂಗಳು–ದಿನ ಎಂಬ ಕ್ರಮದಲ್ಲಿ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲಕ್ರಮ ತಾನಾಗಿ ಬರುತ್ತದೆ. 15082025 ಎಂದು ಬರೆದರೆ ಎಲ್ಲ ವರ್ಷಗಳ 15ನೇ ತಾರೀಕುಗಳೂ ಒಂದೆಡೆ ಗುಂಪಾಗುತ್ತವೆ. ಸೊನ್ನೆ ತುಂಬದೆ 7 ಎಂದಷ್ಟೇ ಕೊಟ್ಟರೆ ಕೆಲವು ತಂತ್ರಾಂಶಗಳಲ್ಲಿ 10ರ ನಂತರ 7 ಬರುತ್ತದೆ. ಕನ್ನಡದಲ್ಲೇ ಹೆಸರಿಡುವ ಆಸೆ ಸಹಜ. ಆದರೆ ವಿಂಡೋಸ್‌ನ ಕಮಾಂಡ್ ಸಲಕರಣೆಗಳು, ಹಳೆಯ ಜಿಪ್ ತಂತ್ರಾಂಶಗಳು, ಕೆಲವು ಸರ್ಕಾರಿ ಪೋರ್ಟಲ್‌ಗಳು ಇಂಗ್ಲಿಷೇತರ ಹೆಸರು ಕಂಡರೆ ಮುಗ್ಗರಿಸುತ್ತವೆ. ಹೆಸರು ಗುರುತಿಗೆ ಮಾತ್ರ. ಅರ್ಥವನ್ನು ಹೊರಬೇಕಾದ್ದು ಒಳಗಿನ ಮೆಟಾಡೇಟಾ, ಅಲ್ಲಿ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ.

ಕಾಮಗಾರಿಗಳ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಫೋಲ್ಡರ್‌ಗಳ ಲೆಕ್ಕ ಜನವರಿಯಿಂದ. ಎರಡನ್ನೂ ಫೋಲ್ಡರ್‌ನಲ್ಲೇ ಹೊಂದಿಸಲು ಹೋಗಿ ಎಡವುವ ಕಚೇರಿಗಳೇ ಹೆಚ್ಚು. ‘2025-26’ ಎಂಬ ಆರ್ಥಿಕ ವರ್ಷವನ್ನು ಕೀವರ್ಡ್ ಮಾಡಿಬಿಡಿ.

ಮೂರನೆಯ ಹಂತ: ಕಡತಗಳನ್ನು ತರಿಸಿಕೊಳ್ಳುವುದು

ಇಲ್ಲಿ ನಡೆಯುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು. ಪಿಡಿಒ ಅಥವಾ ಕಿರಿಯ ಎಂಜಿನಿಯರ್ ಸ್ಥಳದಿಂದ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿದರೆ ಮೂರು ನಷ್ಟ ಒಟ್ಟಿಗೆ: ಚಿತ್ರ ಕುಗ್ಗುತ್ತದೆ, ಎಕ್ಸಿಫ್‌ನ ದಿನಾಂಕ ಮತ್ತು ಸ್ಥಳ ಅಳಿಸಿಹೋಗುತ್ತವೆ, ಕಡತದ ಮೂಲ ಹೆಸರು ಬದಲಾಗುತ್ತದೆ. ಹೊಸ ಹೆಸರಿನಲ್ಲಿರುವ ದಿನಾಂಕ ಚಿತ್ರ ತೆಗೆದದ್ದಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಹಾದುಬಂದದ್ದು. ಜುಲೈನಲ್ಲಿ ತೆಗೆದ ಅಡಿಪಾಯದ ಚಿತ್ರವನ್ನು ಸೆಪ್ಟೆಂಬರ್‌ನಲ್ಲಿ ಫಾರ್ವರ್ಡ್ ಮಾಡಿದರೆ ಸೆಪ್ಟೆಂಬರ್‌ನ ಚಿತ್ರವೆಂದೇ ದಾಖಲಾಗುತ್ತದೆ.

ವಾಟ್ಸ್‌ಆ್ಯಪ್ ಬಿಡಿಸಲು ಸಾಧ್ಯವಿಲ್ಲದಿದ್ದರೆ ಕನಿಷ್ಠ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಲು ಹೇಳಿ. ಆಗ ಮೂಲ ಕಡತ ಹಾಗೆಯೇ ಬರುತ್ತದೆ. ಇನ್ನೂ ಉತ್ತಮವೆಂದರೆ ಕಚೇರಿಯ ಕ್ಲೌಡ್ ಫೋಲ್ಡರ್ ಅಥವಾ ನೇರವಾಗಿ ಯುಎಸ್‌ಬಿ ಕೇಬಲ್. ಐಫೋನ್ ಇರುವವರಿಗೆ ಇನ್ನೊಂದು ಮಾತು: ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಜೆಪೆಗ್ ಬರುತ್ತದೆ, ಇಲ್ಲದಿದ್ದರೆ ಬರುವ ಎಚ್‌ಇಐಸಿ ಕಡತವನ್ನು ಕಚೇರಿಯ ಹಳೆಯ ವಿಂಡೋಸ್ ತೆರೆಯದೇ ಇರಬಹುದು.

ಚಿತ್ರದ ಮೇಲೆಯೇ ನಕ್ಷೆ, ವಿಳಾಸ, ಸಮಯ ಮುದ್ರಿಸುವ ಜಿಪಿಎಸ್ ಕ್ಯಾಮೆರಾ ಆ್ಯಪ್‌ಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಬಿಲ್ಲಿನ ಜೊತೆ ಲಗತ್ತಿಸಲು ಸರಿ. ಆದರೆ ಮುದ್ರೆ ಚಿತ್ರದ ಕಾಲುಭಾಗ ನುಂಗುತ್ತದೆ, ಅದರಲ್ಲಿರುವ ಬರಹವನ್ನು ಹುಡುಕಲಾಗದು, ಎಷ್ಟೋ ಬಾರಿ ಕಡತದೊಳಗಿನ ಜಿಪಿಎಸ್ ಫೀಲ್ಡ್ ಮಾತ್ರ ಖಾಲಿ. ಆ ಆ್ಯಪ್‌ನಲ್ಲಿ ಮುದ್ರೆಯಿಲ್ಲದ ಮೂಲವನ್ನೂ ಉಳಿಸುವ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿಸಿ.

ಗುತ್ತಿಗೆ ಛಾಯಾಗ್ರಾಹಕರಿಂದ ಆಲ್ಬಮ್ ಮತ್ತು ಡಿವಿಡಿ ಮಾತ್ರ ಪಡೆಯುವ ರೂಢಿ ನಿಲ್ಲಬೇಕು. ಕಾರ್ಯಾದೇಶದಲ್ಲೇ ನಾಲ್ಕು ಸಾಲು ಸೇರಿಸಿ: ಕ್ಯಾಮೆರಾದ ಮೂಲ ಕಡತಗಳನ್ನು ತಿದ್ದದೆ ಕೊಡಬೇಕು, ಕ್ಯಾಮೆರಾದ ಗಡಿಯಾರ ಸರಿಯಿರಬೇಕು, 3 ದಿನದೊಳಗೆ ಕೊಡಬೇಕು, ಹಕ್ಕುಸ್ವಾಮ್ಯ ಕಚೇರಿಯದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆಯರು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ. ಆದರೂ ಬರಹದಲ್ಲಿದ್ದರೆ ಮಾತಿಗೆ ಎಡೆಯಿರದು.

ಕ್ಯಾಮೆರಾದ ಒಳಬ್ಯಾಟರಿ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಇದಕ್ಕೆ ಒಂದು ಸುಲಭ ಉಪಾಯ: ಕಾರ್ಯಕ್ರಮದ ಮೊದಲ ಫ್ರೇಮ್ ಆಗಿ ಮೊಬೈಲ್ ಪರದೆಯ ಸಮಯ, ದಿನಾಂಕದ ಚಿತ್ರ ತೆಗೆಯಿರಿ. ಆ ಚಿತ್ರದಲ್ಲಿ ಕಾಣುವ ಸಮಯಕ್ಕೂ ಅದರ ಎಕ್ಸಿಫ್ ಸಮಯಕ್ಕೂ ಇರುವ ಅಂತರವೇ ಉಳಿದೆಲ್ಲ ಚಿತ್ರಗಳ ತಿದ್ದುಪಡಿ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದಲ್ಲಿ (ಆರನೆಯ ಹಂತ ನೋಡಿ) ‘ಆಲ್‌ಡೇಟ್ಸ್’ ಎಂಬ ಹೆಸರಿಗೆ ಆ ಅಂತರವನ್ನು ಕೂಡಿಸಿದರೆ ಇಡೀ ಫೋಲ್ಡರ್‌ನ ಮೂರು ದಿನಾಂಕ ಫೀಲ್ಡ್‌ಗಳು ಒಂದೇ ಬಾರಿಗೆ ಸರಿಯುತ್ತವೆ.

ನಾಲ್ಕನೆಯ ಹಂತ: ಮೊದಲು ಬೆರಳಗುರುತು, ಆಮೇಲೆ ಬರಹ

ಮೆಟಾಡೇಟಾ ಬರೆದೊಡನೆ ಕಡತ ಬದಲಾಗುತ್ತದೆ. ಚಿತ್ರದ ಒಂದು ಪಿಕ್ಸೆಲ್ ಅಲುಗದಿದ್ದರೂ ಕಡತದ ಹ್ಯಾಶ್ ಮೌಲ್ಯ (ಕಡತದ ಒಳಗಿನದೆಲ್ಲವನ್ನೂ ಲೆಕ್ಕ ಹಾಕಿ ಪಡೆಯುವ, ಅದರ ಬೆರಳಗುರುತಿನಂಥ ಸಂಖ್ಯೆ) ಬೇರೆಯಾಗುತ್ತದೆ. ಉದ್ಘಾಟನೆಯ ಚಿತ್ರಕ್ಕೆ ಇದರಿಂದ ಏನೂ ಆಗದು. ಒತ್ತುವರಿ ತೆರವು, ಮನೆಹಾನಿ, ಕಳಪೆ ಕಾಮಗಾರಿಯ ಪರಿಶೀಲನೆ ಇಂಥವು ಮುಂದೆ ನ್ಯಾಯಾಲಯದ ಮೆಟ್ಟಿಲೇರಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯೊಂದಿಗೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲೇ ಹ್ಯಾಶ್ ಮೌಲ್ಯ ಬರೆಯುವ ಜಾಗವಿದೆ.

ಹಾಗಾಗಿ ಕ್ರಮ ಹೀಗಿರಲಿ. ಮೆಮೊರಿ ಕಾರ್ಡ್‌ನಿಂದ ಬಂದದ್ದು ಮೊದಲು ‘ಮೂಲ’ ಎಂಬ ಫೋಲ್ಡರ್‌ಗೆ ಹೋಗುತ್ತದೆ, ಹೆಸರನ್ನೂ ಬದಲಿಸದೆ. ಕೂಡಲೇ ಪ್ರತಿ ಕಡತದ ಶಾ-256 ಹ್ಯಾಶ್ ತೆಗೆದು ಒಂದು ಪಠ್ಯ ಕಡತದಲ್ಲಿ ಅದೇ ಫೋಲ್ಡರ್‌ನಲ್ಲಿಡಿ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಇದಕ್ಕೆ ಸಾಕು, ಬೇರೇನೂ ಕೊಳ್ಳಬೇಕಿಲ್ಲ. ಫೋಲ್ಡರ್‌ಗೆ ‘ರೀಡ್ ಓನ್ಲಿ’ ಹಾಕಿ. ಅದರ ನಕಲನ್ನು ‘ಸಂಗ್ರಹ’ ಫೋಲ್ಡರ್‌ಗೆ ತಂದು ಹೆಸರು ಬದಲಿಸಿ, ಮೆಟಾಡೇಟಾ ಬರೆಯುವುದು ಆ ನಕಲಿನಲ್ಲಿ ಮಾತ್ರ. ಎರಡು ಪ್ರತಿ ಎಂದರೆ ಜಾಗ ದುಪ್ಪಟ್ಟು. ಅಷ್ಟು ಜಾಗ ಇಲ್ಲದಿದ್ದರೆ ಸಾಕ್ಷ್ಯವಾಗಬಲ್ಲ ಚಿತ್ರಗಳಿಗಷ್ಟೇ ಎರಡು ಪ್ರತಿ ಇಟ್ಟು, ಸಭೆ ಸಮಾರಂಭಗಳಿಗೆ ಒಂದನ್ನೇ ಇಡಿ.

ಐದನೆಯ ಹಂತ: ಜರಡಿ

ಒಂದು ಸಮಾರಂಭಕ್ಕೆ 400 ಚಿತ್ರ ಬರುತ್ತವೆ. ದೀಪ ಬೆಳಗುವ ಒಂದೇ ಕ್ಷಣದ ಇಪ್ಪತ್ತು ಫ್ರೇಮು, ಶಾಲು ಹೊದಿಸುವುದು ಮತ್ತೊಂದು ಇಪ್ಪತ್ತು, ಕಣ್ಣು ಮುಚ್ಚಿದವು, ಅಲುಗಿದವು. ಎಲ್ಲಕ್ಕೂ ವಿವರಣೆ ಬರೆಯಲು ಕೂತರೆ ಎರಡನೇ ವಾರಕ್ಕೆ ಕೆಲಸವೇ ನಿಂತುಹೋಗುತ್ತದೆ. 30–40 ಉಳಿಸಿ. ವೇದಿಕೆಯದ್ದಷ್ಟೇ ಅಲ್ಲ, ಸಭಿಕರ, ಫಲಾನುಭವಿಗಳ, ಊರಿನ ಬೀದಿಯ ಚಿತ್ರಗಳೂ ಅದರಲ್ಲಿರಲಿ. ಐವತ್ತು ವರ್ಷದ ಮೇಲೆ ಹುಡುಕಿಕೊಂಡು ಬರುವವರಿಗೆ ಬೇಕಾಗುವುದು ಹೆಚ್ಚಾಗಿ ಹಿನ್ನೆಲೆಯಲ್ಲಿದ್ದ ಅಂಗಡಿ, ಕೆರೆ, ಉಡುಪು.

ಪರಿಶೀಲನೆ, ಹಾನಿ, ಕಾಮಗಾರಿ ಚಿತ್ರಗಳಲ್ಲಿ ಜರಡಿ ಬೇಡ, ಮಸುಕಾದದ್ದೂ ಇರಲಿ. ತೆಗೆದುಹಾಕಿದವುಗಳನ್ನು ಅಂದೇ ಅಳಿಸಬೇಡಿ. ಅವೂ ಕಚೇರಿಯ ದಾಖಲೆಯೇ. ‘ವಿಲೇವಾರಿಗೆ’ ಎಂಬ ಫೋಲ್ಡರ್‌ನಲ್ಲಿಟ್ಟು ಕಡತ ಮಂಡಿಸಿ ಕಾರ್ಯನಿರ್ವಾಹಕ ಅಧಿಕಾರಿಗಳ ಅನುಮೋದನೆ ಪಡೆದ ಮೇಲೆ ಅಳಿಸಿ. ಆ ಘಟನೆಗೆ ಸಂಬಂಧಿಸಿ ಮಾಹಿತಿ ಹಕ್ಕು ಅರ್ಜಿ, ಆಡಿಟ್ ಆಕ್ಷೇಪಣೆ ಅಥವಾ ಪ್ರಕರಣ ಬಾಕಿಯಿದ್ದರೆ ಕೈ ಹಾಕಬೇಡಿ.

ಆರನೆಯ ಹಂತ: ಫೀಲ್ಡ್‌ಗಳನ್ನು ತುಂಬುವುದು

ಸಲಕರಣೆಯ ಆಯ್ಕೆ ಮೊದಲು. ಡಿಜಿಕ್ಯಾಮ್ ಉಚಿತ, ಮುಕ್ತ ತಂತ್ರಾಂಶ. ಸಾವಿರಾರು ಚಿತ್ರ ನಿಭಾಯಿಸುತ್ತದೆ. ಅಡೋಬಿ ಬ್ರಿಡ್ಜ್‌ಗೆ ಖಾತೆ ಬೇಕು, ಹಣ ಬೇಡ. ಎಕ್ಸ್‌ಎನ್‌ವ್ಯೂ ಎಂಪಿ ಚೆನ್ನಾಗಿದೆ, ಆದರೆ ಅದು ಉಚಿತ ಇರುವುದು ಖಾಸಗಿ ಹಾಗೂ ಶೈಕ್ಷಣಿಕ ಬಳಕೆಗೆ. ಕಚೇರಿಗೆ ಪರವಾನಗಿಯ ಷರತ್ತು ಓದಿಕೊಳ್ಳಿ. ಫಿಲ್ ಹಾರ್ವೆ ಬರೆದ ಎಕ್ಸಿಫ್‌ಟೂಲ್‌ಗೆ ಕಿಟಕಿ, ಗುಂಡಿ ಏನೂ ಇಲ್ಲ, ಕಮಾಂಡ್ ಬರೆದೇ ಬಳಸಬೇಕು. ಆದರೆ ರಾಶಿ ಕೆಲಸಕ್ಕೆ ಅದರಷ್ಟು ನಂಬಿಕಸ್ಥ ಮತ್ತೊಂದಿಲ್ಲ.

ಡಿಜಿಕ್ಯಾಮ್ ಬಳಸುವವರು ಮೊದಲ ದಿನವೇ ಸೆಟ್ಟಿಂಗ್‌ನ ಮೆಟಾಡೇಟಾ ಪುಟಕ್ಕೆ ಹೋಗಿ ವಿವರಣೆ, ಟ್ಯಾಗ್, ದಿನಾಂಕಗಳನ್ನು ಕಡತಕ್ಕೆ ಬರೆಯುವ ಆಯ್ಕೆಗಳಿಗೆ ಟಿಕ್ ಬಿದ್ದಿದೆಯೇ ನೋಡಿ. ಇಲ್ಲದಿದ್ದರೆ ಆರು ತಿಂಗಳು ಬರೆದದ್ದೆಲ್ಲ ಅದರ ಡೇಟಾಬೇಸ್‌ನಲ್ಲಿ ಮಾತ್ರ ಇರುತ್ತದೆ. ಕಂಪ್ಯೂಟರ್ ಫಾರ್ಮ್ಯಾಟ್ ಆದ ದಿನ ಎಲ್ಲ ಹೋಯಿತು. ಆ ಡೇಟಾಬೇಸನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಡಬೇಡಿ, ಕೆಡುತ್ತದೆ. ಚಿತ್ರಗಳು ಅಲ್ಲಿರಬಹುದು, ಡೇಟಾಬೇಸ್ ಕಂಪ್ಯೂಟರ್‌ನಲ್ಲೇ ಇರಲಿ. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆಯೂ ಹೀಗೆಯೇ, ಕಡತದೊಳಗೆ ಹೋಗುವುದಿಲ್ಲ.

ಕೆಲಸ ಎರಡು ಸುತ್ತಿನಲ್ಲಿ. ಮೊದಲ ಸುತ್ತಿನಲ್ಲಿ ಘಟನೆಯ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಆರಿಸಿ ಸಮಾನ ಮಾಹಿತಿ ತುಂಬಿ. ಹೆಡ್‌ಲೈನ್‌ಗೆ ಘಟನೆಯ ಹೆಸರು. ಸಬ್‌ಲೊಕೇಷನ್‌ಗೆ ಗ್ರಾಮ ಅಥವಾ ಸ್ಥಳ, ಸಿಟಿಗೆ ತಾಲ್ಲೂಕು ಕೇಂದ್ರ, ಸ್ಟೇಟ್‌ಗೆ ಕರ್ನಾಟಕ. ಜಿಲ್ಲೆಗೆ ಪ್ರತ್ಯೇಕ ಫೀಲ್ಡ್ ಇಲ್ಲದ್ದರಿಂದ ಅದನ್ನು ಕೀವರ್ಡ್‌ಗೆ ಹಾಕಿ. ಕ್ರಿಯೇಟರ್‌ಗೆ ಚಿತ್ರ ತೆಗೆದವರ ಹೆಸರು ಮತ್ತು ಹುದ್ದೆ, ಕ್ರೆಡಿಟ್ ಲೈನ್ ಮತ್ತು ಕಾಪಿರೈಟ್ ನೋಟಿಸ್‌ಗೆ ಕಚೇರಿಯ ಪೂರ್ಣ ಹೆಸರು. ಜಾಬ್ ಐಡಿ ಎಂಬ ಫೀಲ್ಡ್ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಇ-ಆಫೀಸ್ ಕಡತ ಸಂಖ್ಯೆಗೆ ಅದು ಹೇಳಿ ಮಾಡಿಸಿದ ಜಾಗ. ಹತ್ತು ನಿಮಿಷದ ಕೆಲಸ ಇದು.

ಎರಡನೇ ಸುತ್ತು ಚಿತ್ರದಿಂದ ಚಿತ್ರಕ್ಕೆ, ವಿವರಣೆ ಮತ್ತು ಜನರ ಹೆಸರು. ‘ಕಾರ್ಯಕ್ರಮದ ಫೋಟೋ’ ಎಂದು ಬರೆಯುವುದೂ ಬರೆಯದಿರುವುದೂ ಒಂದೇ. ಹೀಗಿರಲಿ: ‘ಹೊಸಹಳ್ಳಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಾಂಪೌಂಡ್ ಕಾಮಗಾರಿಯ ಅಡಿಪಾಯವನ್ನು ಅಳತೆ ಮಾಡುತ್ತಿರುವ ಕಿರಿಯ ಎಂಜಿನಿಯರ್ (ಎಡ) ಮತ್ತು ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಹಿಂದೆ ಕಾಣುವುದು ಹಳೆಯ ಅಡುಗೆ ಕೋಣೆ. 12 ಜೂನ್ 2025.’ ಹುದ್ದೆಯ ಜೊತೆ ಹೆಸರನ್ನೂ ಸೇರಿಸಿ, ಎಡದಿಂದ ಬಲಕ್ಕೆ, ಅಂದಿನ ಹುದ್ದೆಯೊಂದಿಗೆ. ‘ಮಾನ್ಯ ಶಾಸಕರು’ ಎಂದಷ್ಟೇ ಬರೆದರೆ ಮುಂದಿನ ಚುನಾವಣೆಯ ನಂತರ ಅದು ಯಾರು? ಗೊತ್ತಿಲ್ಲದವರನ್ನು ಊಹಿಸಿ ಬರೆಯಬೇಡಿ, ‘ಗುರುತಿಸಿಲ್ಲ’ ಎಂದು ಬರೆಯಿರಿ. ಆ ಪದವನ್ನೇ ಹುಡುಕಿ ಮುಂದೆ ತುಂಬಬಹುದು.

ಸ್ಪ್ರೆಡ್‌ಶೀಟ್‌ನಲ್ಲಿ ಬರೆಯುವುದು ಸುಲಭ ಎನ್ನುವವರು ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ಮಾಡಿ ಎಕ್ಸಿಫ್‌ಟೂಲ್ ಮೂಲಕ ಎಲ್ಲವನ್ನೂ ಒಂದೇ ಬಾರಿಗೆ ತುಂಬಬಹುದು. ಇಲ್ಲಿ ಮೂರು ಕಡೆ ಎಡವುತ್ತಾರೆ. ಎಕ್ಸೆಲ್‌ನಲ್ಲಿ ಉಳಿಸುವಾಗ ಸಾಮಾನ್ಯ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. 0231 ಎಂಬ ಘಟನೆ ಸಂಖ್ಯೆಯನ್ನು ಎಕ್ಸೆಲ್ 231 ಮಾಡಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿ. ಎಕ್ಸಿಫ್‌ಟೂಲ್ ತಾನು ಬದಲಿಸಿದ ಪ್ರತಿ ಕಡತದ ಹಳೆಯ ಪ್ರತಿಯನ್ನೂ ‘ಒರಿಜಿನಲ್’ ಎಂಬ ಬಾಲ ಸೇರಿಸಿ ಪಕ್ಕದಲ್ಲೇ ಇಡುತ್ತದೆ. ಅದು ಗೊತ್ತಿಲ್ಲದೆ ಡಿಸ್ಕ್ ಏಕೆ ತುಂಬಿತು ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಪರಿಶೀಲಿಸಿದ ಮೇಲೆ ಆ ಪ್ರತಿಗಳನ್ನು ತೆಗೆಯಿರಿ.

ಕೀವರ್ಡ್ ಪಟ್ಟಿ: ಒಂದು ಪದಕ್ಕೆ ಒಂದೇ ಕಾಗುಣಿತ

ಪಂಚಾಯತ್, ಪಂಚಾಯಿತಿ, ಪಂಚಾಯತಿ. ತಾಲೂಕು, ತಾಲ್ಲೂಕು. ರಾಜ್ಯೋತ್ಸವ, ಕನ್ನಡ ರಾಜ್ಯೋತ್ಸವ, ನವೆಂಬರ್ 1. ಮೂವರು ನೌಕರರು ಮೂರು ಬಗೆಯಲ್ಲಿ ಬರೆದರೆ ಹುಡುಕಿದಾಗ ಮೂರರಲ್ಲೊಂದು ಪಾಲು ಮಾತ್ರ ಸಿಗುತ್ತದೆ, ಉಳಿದದ್ದು ಇದೆಯೆಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ಕೀವರ್ಡ್‌ಗಳನ್ನು ಯಾರೂ ಟೈಪ್ ಮಾಡಬಾರದು, ಪಟ್ಟಿಯಿಂದ ಆರಿಸಬೇಕು. ಡಿಜಿಕ್ಯಾಮ್‌ನಲ್ಲೂ ಬ್ರಿಡ್ಜ್‌ನಲ್ಲೂ ಶ್ರೇಣೀಕೃತ ಪಟ್ಟಿ ಮಾಡಿಡಬಹುದು.

ತಾಲ್ಲೂಕು ಕಚೇರಿಗೆ 100–150 ಪದಗಳ ಪಟ್ಟಿ ಧಾರಾಳ. ಘಟನೆಯ ಬಗೆ (ಗ್ರಾಮ ಸಭೆ, ಕೆಡಿಪಿ ಸಭೆ, ಜಯಂತಿ, ಪರಿಶೀಲನೆ, ವಿತರಣೆ), ಯೋಜನೆ, ವಿಷಯ (ಕೆರೆ, ರಸ್ತೆ, ಶಾಲೆ, ಅಂಗನವಾಡಿ, ನೆರೆ, ಬರ), ಹಂತ, ಆರ್ಥಿಕ ವರ್ಷ, ಜಿಲ್ಲೆ. ಕಾಮಗಾರಿಗಳಿಗೆ ‘ಮೊದಲು’, ‘ನಡುವೆ’, ‘ನಂತರ’ ಎಂಬ ಮೂರು ಹಂತಗಳು ನರೇಗಾ ಜಿಯೋ ಟ್ಯಾಗಿಂಗ್‌ನಿಂದ ಎಲ್ಲರಿಗೂ ಅಭ್ಯಾಸವಾಗಿವೆ. ಅವನ್ನೇ ಎಲ್ಲ ಕಾಮಗಾರಿಗೂ ಬಳಸಿ. ಮೂರೂ ಚಿತ್ರಗಳನ್ನು ಒಂದೇ ಮರ, ಒಂದೇ ಕಂಬ ಕಾಣುವ ಕೋನದಿಂದ ತೆಗೆಸದಿದ್ದರೆ ಟ್ಯಾಗ್ ಇದ್ದೂ ಹೋಲಿಕೆ ಆಗದು.

ಹೆಸರು ಬದಲಾದ ಊರುಗಳಿಗೆ ಎರಡೂ ಹೆಸರು ಬೇಕು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 2015ರಲ್ಲಿ ಹೊಸಪೇಟೆಯಲ್ಲಿ ತೆಗೆದ ಚಿತ್ರ ಅಂದು ಬಳ್ಳಾರಿ ಜಿಲ್ಲೆಯದು, 2021ರಿಂದ ಆ ಊರು ವಿಜಯನಗರ ಜಿಲ್ಲೆಯಲ್ಲಿದೆ. ಸ್ಥಳದ ಫೀಲ್ಡ್‌ನಲ್ಲಿ ಅಂದಿನ ಹೆಸರು, ಕೀವರ್ಡ್‌ನಲ್ಲಿ ಇಂದಿನದೂ.

ಕಣ್ಣಿಗೆ ಸುಲಭವಾಗಿ ಕಾಣದ ಇನ್ನೊಂದು ಪೀಡೆ ಇದೆ. ‘ಎಕ್ಸ್‌ಪ್ರೆಸ್’, ‘ಆನ್‌ಲೈನ್’ ಮುಂತಾದ ಪದಗಳಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ಕೀಲಿಮಣೆ ಅಗಲವೇ ಇಲ್ಲದ ಒಂದು ಅಕ್ಷರ ಸೇರಿಸುತ್ತದೆ. ಒಬ್ಬರು ಅದರೊಂದಿಗೆ, ಇನ್ನೊಬ್ಬರು ಅದಿಲ್ಲದೆ ಬರೆದರೆ ಓದುವವರಿಗೆ ಒಂದೇ ಪದ, ಕಂಪ್ಯೂಟರ್‌ಗೆ ಎರಡು. ಪಟ್ಟಿಯಿಂದ ಆರಿಸುವ ಶಿಸ್ತು ಇದಕ್ಕೂ ಮದ್ದು.

ವಿಡಿಯೋ ಬೇರೆಯೇ ಜಾತಿ

ಎಂಪಿ4 ಕಡತದಲ್ಲಿ ಸಮಯವನ್ನು ವಿಶ್ವ ಸಮಯದಲ್ಲಿ ಬರೆಯಬೇಕೆಂದು ನಿಯಮ. ಫೋನ್‌ಗಳು ಹೆಚ್ಚಾಗಿ ಪಾಲಿಸುತ್ತವೆ, ಎಷ್ಟೋ ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆಯುತ್ತವೆ. ಭಾರತದ ಸಮಯ ಐದೂವರೆ ಗಂಟೆ ಮುಂದಿರುವುದರಿಂದ ಬೆಳಿಗ್ಗೆ 8ರ ಧ್ವಜಾರೋಹಣ 2:30 ಎಂದು ಕಾಣುತ್ತದೆ. ಬೆಳಗಿನ 5 ಗಂಟೆಗೆ ತೆಗೆದ ನೆರೆಯ ವಿಡಿಯೋ ಹಿಂದಿನ ದಿನದ ರಾತ್ರಿ 11:30 ಆಗಿ ತಾರೀಕೇ ತಪ್ಪುತ್ತದೆ. ಕಚೇರಿಯ ಪ್ರತಿ ಉಪಕರಣದಲ್ಲೂ ಒಮ್ಮೆ 10 ಸೆಕೆಂಡಿನ ವಿಡಿಯೋ ತೆಗೆದು ಮೀಡಿಯಾಇನ್ಫೋ ಎಂಬ ತಂತ್ರಾಂಶದಲ್ಲಿ ನೋಡಿ, ಯಾವುದು ಹೇಗೆ ಬರೆಯುತ್ತದೆ ಎಂದು ರಿಜಿಸ್ಟರ್‌ನ ಮೊದಲ ಹಾಳೆಯಲ್ಲಿ ಬರೆದಿಡಿ.

ವಿಡಿಯೋದೊಳಗೆ ಬರೆದ ಮೆಟಾಡೇಟಾ ಸಂಕಲನ ಮಾಡಿ ಹೊರತೆಗೆದೊಡನೆ ಬಹುಪಾಲು ಉದುರಿಹೋಗುತ್ತದೆ. ಆದ್ದರಿಂದ ಅದಕ್ಕೆ ಪಕ್ಕದ ಎಕ್ಸ್‌ಎಂಪಿ ಕಡತವೇ ಸರಿ, ಸೈಡ್‌ಕಾರ್ ಎನ್ನುತ್ತಾರೆ. ಡಿಜಿಕ್ಯಾಮ್ ವಿಡಿಯೋದ ಪೂರ್ತಿ ಹೆಸರಿನ ಹಿಂದೆ ಎಕ್ಸ್‌ಎಂಪಿ ಎಂದು ಸೇರಿಸಿ ಸೈಡ್‌ಕಾರ್‌ಗೆ ಹೆಸರಿಡುತ್ತದೆ. ಅಡೋಬಿ ಮೂಲ ವಿಸ್ತರಣೆಯನ್ನು (ಹೆಸರಿನ ಕೊನೆಯ ಎಂಪಿ4 ಭಾಗವನ್ನು) ತೆಗೆದು ಆ ಜಾಗದಲ್ಲಿ ಎಕ್ಸ್‌ಎಂಪಿ ಇಡುತ್ತದೆ. ಎರಡನ್ನೂ ಬೆರೆಸಿ ಬಳಸಿದರೆ ಒಂದು ಬರೆದದ್ದು ಇನ್ನೊಂದಕ್ಕೆ ಕಾಣದು. ಒಂದನ್ನೇ ನೆಚ್ಚಿಕೊಳ್ಳಿ. ಕಡತ ಸ್ಥಳಾಂತರಿಸುವಾಗ ಎರಡೂ ಜೊತೆಯಾಗಿ ಹೋಗಬೇಕೆಂದು ಎಲ್ಲರಿಗೂ ಹೇಳಿಡಿ.

ಎರಡು ಗಂಟೆಯ ಗ್ರಾಮ ಸಭೆಯ ವಿಡಿಯೋಗೆ ಒಂದು ಸಾಲಿನ ವಿವರಣೆಯಿಂದ ಉಪಯೋಗವಿಲ್ಲ. ಸಮಯಸೂಚಿ ಬರೆಯಿರಿ: ‘00:04 ಸ್ವಾಗತ, 00:11 ಹಿಂದಿನ ನಡಾವಳಿ ಓದುವಿಕೆ, 00:38 ಕುಡಿಯುವ ನೀರಿನ ದೂರು, 01:20 ಫಲಾನುಭವಿ ಆಯ್ಕೆ’. ವೇಗ ಹೆಚ್ಚಿಸಿ ನೋಡಿದರೆ ಇದು ಒಂದು ಗಂಟೆಯ ಕೆಲಸ, ಒಮ್ಮೆ ಮಾಡಿದರೆ ಸಾಕು.

ಹಳೆಯ ಹ್ಯಾಂಡಿಕ್ಯಾಮ್‌ಗಳ ಎವಿಸಿಎಚ್‌ಡಿ ಕಾರ್ಡ್‌ನಿಂದ ವಿಡಿಯೋ ತುಣುಕುಗಳನ್ನಷ್ಟೇ ಎಳೆದುಕೊಳ್ಳಬೇಡಿ, ಇಡೀ ಫೋಲ್ಡರ್ ರಚನೆಯನ್ನೇ ನಕಲಿಸಿ. ತುಂಡುಗಳನ್ನು ಜೋಡಿಸುವ ಮಾಹಿತಿ ಬೇರೆ ಕಡತಗಳಲ್ಲಿರುತ್ತದೆ. ಡ್ರೋನ್ ವಿಡಿಯೋ ಜೊತೆ ಅದೇ ಹೆಸರಿನ ಸಬ್‌ಟೈಟಲ್ ಕಡತ ಬಂದಿದ್ದರೆ ಕಸವೆಂದು ಎಸೆಯಬೇಡಿ, ಹಾರಿದ ದಾರಿಯ ಜಿಪಿಎಸ್ ಹೆಚ್ಚಾಗಿ ಅದರಲ್ಲೇ ಇರುತ್ತದೆ. ಜಾಗದ ಅಂದಾಜಿಗೆ: ಸೆಕೆಂಡಿಗೆ 24 ಮೆಗಾಬಿಟ್‌ನಂತೆ ದಾಖಲಾದ ವಿಡಿಯೋ ಗಂಟೆಗೆ 10.8 ಜಿಬಿ, 100 ಮೆಗಾಬಿಟ್‌ನ 4ಕೆ ಆದರೆ 45 ಜಿಬಿ.

ಯಾರಿಗೆ ಏನನ್ನು ತೋರಿಸಬಾರದು

ಇನ್‌ಸ್ಟ್ರಕ್ಷನ್ಸ್ ಎಂಬ ಫೀಲ್ಡ್‌ನಲ್ಲಿ ಮೂರರಲ್ಲೊಂದು ಪದ ಕಡ್ಡಾಯವಾಗಿರಲಿ: ‘ಸಾರ್ವಜನಿಕ’, ‘ಕಚೇರಿ ಬಳಕೆ’, ‘ನಿರ್ಬಂಧಿತ’. ಪೋಕ್ಸೊ ಕಾಯ್ದೆ ಮತ್ತು 2015ರ ಬಾಲನ್ಯಾಯ ಕಾಯ್ದೆಯಡಿ ಬರುವ ಮಕ್ಕಳ ಗುರುತು ಹೊರಬೀಳುವ ಯಾವ ಚಿತ್ರವನ್ನೂ ಪ್ರಕಟಿಸುವಂತಿಲ್ಲ. ಅಂಥವು ‘ನಿರ್ಬಂಧಿತ’, ಪ್ರತ್ಯೇಕ ಪಾಸ್‌ವರ್ಡ್‌ನ ಡ್ರೈವ್‌ನಲ್ಲಿ. ಕೀವರ್ಡ್‌ನಲ್ಲಿ ಮಗುವಿನ ಹೆಸರು ಬರೆದರೂ ಗುರುತು ಹೊರಬಿದ್ದಂತೆಯೇ. ಫಲಾನುಭವಿಯ ಕೈಯಲ್ಲಿ ಆಧಾರ್ ಕಾರ್ಡ್, ಪಾಸ್‌ಬುಕ್ ಕಾಣುವ ಚಿತ್ರಗಳು ‘ಕಚೇರಿ ಬಳಕೆ’.

ವೆಬ್‌ಸೈಟ್‌ಗೆ, ಪತ್ರಿಕೆಗೆ ಕಳಿಸುವುದು ಯಾವಾಗಲೂ ಚಿಕ್ಕ ನಕಲು, ಉದ್ದನೆಯ ಬದಿ 2048 ಪಿಕ್ಸೆಲ್ ಸಾಕು. ಅದರಿಂದ ಜಿಪಿಎಸ್ ತೆಗೆದು, ಕ್ರೆಡಿಟ್ ಮತ್ತು ವಿವರಣೆ ಉಳಿಸಿ. ಒಂಟಿ ಮಹಿಳೆಯ ಮನೆಯ ನಿಖರ ಅಕ್ಷಾಂಶವನ್ನು ಕಚೇರಿಯೇ ಅಂತರ್ಜಾಲಕ್ಕೆ ಹಾಕಿದಂತಾಗಬಾರದು.

ಹಳೆಯ ರಾಶಿ

ಹೊಸ ಚಿತ್ರಗಳ ಪದ್ಧತಿ ಎರಡು ತಿಂಗಳು ಸರಾಗವಾಗಿ ನಡೆದ ಮೇಲಷ್ಟೇ ಹಳೆಯದಕ್ಕೆ ಕೈ ಹಾಕಿ. ಮೊದಲು ಎಲ್ಲ ಡಿಸ್ಕ್, ಪೆನ್‌ಡ್ರೈವ್, ಡಿವಿಡಿಗಳನ್ನು ಒಂದೆಡೆ ನಕಲಿಸಿ. ಡಿವಿಡಿಗಳನ್ನು ಎಲ್ಲಕ್ಕಿಂತ ಮುಂಚೆ, ಅವುಗಳ ಬಣ್ಣದ ಪದರ ಹಾಳಾಗುತ್ತಿರುತ್ತದೆ. ಹ್ಯಾಶ್ ಹೋಲಿಸಿ ತದ್ರೂಪು ಪ್ರತಿಗಳನ್ನು ಬೇರ್ಪಡಿಸಿ. ಎಕ್ಸಿಫ್ ದಿನಾಂಕ ಇರುವವನ್ನು ವರ್ಷವಾರು ಹಂಚಿ. ವಿಂಡೋಸ್ ತೋರಿಸುವ ‘ಮಾಡಿಫೈಡ್’ ದಿನಾಂಕವನ್ನು ನಂಬಬೇಡಿ, ಕಡತವನ್ನು ಯಾರಾದರೂ ತಿದ್ದಿ ಉಳಿಸಿದ ದಿನ ಅದಾಗಿರಬಹುದು.

ಆಮೇಲೆ ಮುಂದಿನ ಒಂದು ವರ್ಷದಲ್ಲಿ ನಿವೃತ್ತರಾಗುವ ನೌಕರರ ಪಟ್ಟಿ ತೆಗೆದು, ಅವರು ಕೆಲಸ ಮಾಡಿದ ವರ್ಷಗಳ ಚಿತ್ರಗಳಿಂದ ಆರಂಭಿಸಿ. ವಾಹನ ಚಾಲಕರನ್ನೂ ಗ್ರೂಪ್ ಡಿ ನೌಕರರನ್ನೂ ಮರೆಯಬೇಡಿ. ಪ್ರತಿ ಭೇಟಿಗೂ ಹೋದವರು ಅವರೇ, ಊರು ಗುರುತಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅಂದಾಜಿನ ದಿನಾಂಕವಾದರೆ ವಿವರಣೆಯಲ್ಲೇ ‘ಸುಮಾರು 2008’ ಎಂದು ಬರೆಯಿರಿ, ದಿನಾಂಕದ ಫೀಲ್ಡ್‌ಗೆ ಸುಳ್ಳು ತಾರೀಕು ತುಂಬಬೇಡಿ.

ಮುದ್ರಿತ ಫೋಟೋಗಳಿದ್ದರೆ 4×6 ಇಂಚಿನದನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ; 2400×3600 ಪಿಕ್ಸೆಲ್ ಬರುತ್ತದೆ, ಟಿಫ್ ಆದರೆ ಒಂದಕ್ಕೆ ಸುಮಾರು 26 ಎಂಬಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಪೆನ್ಸಿಲ್‌ನಲ್ಲಿ ಬರೆದ ಹೆಸರು, ಸ್ಟುಡಿಯೋ ಮೊಹರು ಅಲ್ಲಿರುತ್ತವೆ. ಸ್ಕ್ಯಾನರ್ ಬರೆಯುವ ದಿನಾಂಕ ಸ್ಕ್ಯಾನ್ ಆದದ್ದು. ತಿದ್ದದೆ ಬಿಟ್ಟರೆ 1985ರ ಚಿತ್ರ ಈ ವರ್ಷದ ಪಟ್ಟಿಗೆ ಸೇರುತ್ತದೆ.

ಪ್ರತಿಗಳು, ಪರೀಕ್ಷೆ, ಪ್ರಭಾರ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಕಟ್ಟಡದಲ್ಲಿ. ಪೆನ್‌ಡ್ರೈವ್ ಸಾಗಣೆಗೆ ಮಾತ್ರ. ಬಾಹ್ಯ ಹಾರ್ಡ್ ಡಿಸ್ಕನ್ನು ಐದು ವರ್ಷಕ್ಕೆ ಬದಲಿಸಿ, ಅದು ಇನ್ನೂ ಓಡುತ್ತಿದ್ದರೂ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಎಂದಿಟ್ಟುಕೊಳ್ಳಿ, ‘ಮೂಲ’ದ ಹ್ಯಾಶ್‌ಗಳನ್ನು ಮತ್ತೆ ಲೆಕ್ಕ ಹಾಕಿ ಹಳೆಯ ಪಟ್ಟಿಯೊಂದಿಗೆ ಹೋಲಿಸಿ. ಒಂದು ಕಡತದ ಮೌಲ್ಯ ಬದಲಾಗಿದ್ದರೂ ಇನ್ನೊಂದು ಪ್ರತಿಯಿಂದ ಕೂಡಲೇ ಹಿಂತನ್ನಿ, ಮುಂದಿನ ಬ್ಯಾಕಪ್ ಕೆಟ್ಟದ್ದನ್ನೇ ಎಲ್ಲೆಡೆ ನಕಲಿಸುವ ಮುಂಚೆ.

ತಿಂಗಳಿಗೊಮ್ಮೆ ಐದು ನಿಮಿಷದ ಪರೀಕ್ಷೆ: ‘ಸಂಗ್ರಹ’ದಿಂದ ಯಾವುದಾದರೂ ಹತ್ತು ಕಡತ ಆರಿಸಿ, ಪೆನ್‌ಡ್ರೈವ್‌ನಲ್ಲಿ ಪಕ್ಕದ ಶಾಖೆಯ ಕಂಪ್ಯೂಟರ್‌ಗೆ ಒಯ್ದು ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ವಿವರಣೆ ಕನ್ನಡದಲ್ಲೇ ಕಾಣುತ್ತಿದೆಯೇ, ಊರಿನ ಹೆಸರು ತುಂಡಾಗಿಲ್ಲವೇ, ಹೆಸರುಗಳು ಇವೆಯೇ ನೋಡಿ. ಇಲ್ಲದಿದ್ದರೆ ಬರೆದದ್ದು ಡೇಟಾಬೇಸ್‌ನಲ್ಲೇ ಉಳಿದಿದೆ ಎಂದರ್ಥ, ಆರನೆಯ ಹಂತದ ಸೆಟ್ಟಿಂಗ್‌ಗೆ ಹಿಂತಿರುಗಿ.

ಈ ಕೆಲಸ ನೋಡುವ ವಿಷಯ ನಿರ್ವಾಹಕರಿಗೆ ವರ್ಗವಾದರೆ ಪ್ರಭಾರ ಪಟ್ಟಿಯಲ್ಲಿ ಬೀರುವಿನ ಬೀಗದ ಕೈ, ಕಡತಗಳ ಜೊತೆಗೆ ಇವೂ ಇರಬೇಕು: ಘಟನೆಗಳ ರಿಜಿಸ್ಟರ್, ಕೀವರ್ಡ್ ಪಟ್ಟಿ, ಹ್ಯಾಶ್ ಪಟ್ಟಿಗಳು, ಮೂರು ಡಿಸ್ಕ್‌ಗಳ ಕ್ರಮಸಂಖ್ಯೆ ಮತ್ತು ಅವು ಇರುವ ಜಾಗ, ಮುಚ್ಚಿದ ಲಕೋಟೆಯಲ್ಲಿ ಪಾಸ್‌ವರ್ಡ್‌ಗಳು, ‘ಗುರುತಿಸಿಲ್ಲ’ ಎಂದು ಉಳಿದಿರುವ ಚಿತ್ರಗಳ ಸಂಖ್ಯೆ. ಬಿಡುಗಡೆ ಆದೇಶಕ್ಕೆ ಸಹಿ ಬೀಳುವ ಮುಂಚೆ ಆ ಕೊನೆಯ ಗುಂಪಿನ ಚಿತ್ರಗಳನ್ನು ಅವರ ಎದುರು ಒಮ್ಮೆ ತೆರೆದು, ಗೊತ್ತಿರುವ ಹೆಸರುಗಳನ್ನು ಬರೆಸಿಕೊಳ್ಳಿ.